ಕರಡಿ ಹೋಟ್ಲಿಗೆ ಮತ್ತೆ ಹೋದದ್ದು

ನನ್ನ ಮಗಳು ಗೀತಾ ಉಣ್ಣಲು ಹಟ ಮಾಡಿದಾಗಲೆಲ್ಲ ನಾನು ರಾಜಾನ ಕಥೆ ಹೇಳಿ ಆಕೆಯ ಬಾಯಿಗೆ ತುತ್ತು ಇಟ್ಟಿದ್ದೇನೆ. ರಾಜಾ ಅಂದರೆ ಒಂದು ಕರಡಿ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಬಸವಕಲ್ಯಾಣದ ಕ್ರಾಸ್ ದಾಟಿ ಹುಮನಾಬಾದಿನ ಕಡೆಗೆ ಹೊರಟರೆ, ರಸ್ತೆಯ ಮಗ್ಗುಲಲ್ಲಿ ಒಂದು ಚಹಾದ ಹೋಟೆಲು ಸಿಗುತ್ತದೆ. ಅದರ ಮುಂದೆ ಸಣ್ಣದೊಂದು ತೋಟ, ತೋಟದಲ್ಲಿ ಸಿಮೆಂಟಿನ ಜಿಂಕೆಗಳು, ಒಂದು ಜೋಕಾಲಿ, ಹುಣಸೆ ಮರದ ಬುಡದಲ್ಲಿ ರಾಜಾ. ಸೋಡಾ ಬಾಟಲಿ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು ಕುಡಿಯುವುದು, ಕುಡಿದು ಮುಗಿಸಿ ಎದ್ದು ನಿಂತು ಸಲಾಮು ಹೊಡೆಯುವುದು, ಇದು ಅದರ ಕೆಲಸ. ಮಾಲಕ ಗುಂಡಪ್ಪ ಸೇಠ ಏನೋ ಒಂದು ಹೆಸರು ಬರೆಸಿ ಬೋರ್ಡು ಹಾಕಿದ್ದ. ಅದನ್ನು ಓದಿದವರಿಲ್ಲ. ಲಾರಿಯವರಿಗೂ ಬಸ್ಸಿನವರಿಗೂ ಅದು ಕರಡಿ ಹೋಟ್ಲು.

ನಾನು ಅದನ್ನು ನೋಡಿದ್ದು ಈಗಿನ ಗೀತಾಳಷ್ಟು ಇದ್ದಾಗ. ರಾಜ್ಯಗಳು ಹೊಸದಾಗಿ ಹಂಚಿಕೆಯಾಗಿದ್ದ ಕಾಲ. ಅಪ್ಪ ದುಡಿಯುತ್ತಿದ್ದ ಗಿರಣಿ ಇರುವ ಸೊಲ್ಲಾಪುರ ಒಂದು ರಾಜ್ಯಕ್ಕೆ ಹೋಯಿತು, ಅವ್ವ ಹುಟ್ಟಿದ ಮೋರಖಂಡಿ ಇನ್ನೊಂದಕ್ಕೆ ಬಂತು. "ನನ್ನ ತವರುಮನಿ ಪರದೇಶ ಆತು ನೋಡ್ರೆವ್ವಾ" ಎಂದು ಅವ್ವ ಓಣಿಯ ಹೆಂಗಸರ ಮುಂದೆ ನಗುತ್ತಿದ್ದಳು. ಬೇಸಿಗೆ ಸೂಟಿಯಲ್ಲಿ ಆ ಪರದೇಶಕ್ಕೆ ಹೋದಾಗ ಅವ್ವನ ತಮ್ಮ ಬಸಣ್ಣ ಮಾಮಾ ನಮ್ಮನ್ನು ಕರಡಿ ತೋರಿಸಲು ಕರೆದೊಯ್ಯುತ್ತಿದ್ದ. ವರ್ಷವಿಡೀ ನಾವು ಕಾಯುತ್ತಿದ್ದದ್ದು ಆ ಒಂದು ದಿನಕ್ಕೆ.

ಈಗ ನಾನು ಸೊಲ್ಲಾಪುರದ ಕನ್ನಡ ಸಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಅವ್ವ ತೀರಿಕೊಂಡ ಮೇಲೆ ಆ ಕಡೆ ಹೋಗಿರಲಿಲ್ಲ. ಈ ಬೇಸಿಗೆಯಲ್ಲಿ ಗೀತಾ ಒಂದೇ ಸವನೆ ಬೆನ್ನು ಹತ್ತಿದಳು. "ರಾಜಾ ಖರೇನ ಇದ್ದಾನೋ, ನೀ ಸುಳ್ಳ ಹೇಳ್ತಿಯೋ?" ಯಜಮಾನರಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಹೊರಟೆವು. ಹೋಗಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿದೀತು ಅಂದುಕೊಂಡು ಕೂತೆ. ಇಷ್ಟು ಬರೆಯುವಷ್ಟರಲ್ಲೇ ಮತ್ತೆ ಏರತೊಡಗಿದೆ.

ಉಮರ್ಗಾ

ನಮ್ಮ ಬಸ್ಸು ನಳದುರ್ಗದ ಘಾಟಿನಲ್ಲಿ ಒಮ್ಮೆ ನಿಂತು, ಮತ್ತೆ ಹೊರಟು, ಉಮರ್ಗಾದಲ್ಲಿ ಪೂರ್ತಿ ನಿಂತುಹೋಯಿತು. ಇಂಜಿನ್ನಿನಿಂದ ಹೊಗೆ ಬರುತ್ತಿತ್ತು. ಯಾರೂ ಗಾಬರಿಯಾಗಲಿಲ್ಲ. ಇಳಿದು, ಶೇಂಗಾ ಸುಲಿದು ತಿನ್ನುತ್ತ, ಡ್ರೈವರನಿಗೆ ಹೊಗೆಯ ಬಗ್ಗೆ ಸಲಹೆ ಕೊಡುತ್ತ ನಿಂತರು. ನಮ್ಮ ಸೊಲ್ಲಾಪುರದಲ್ಲಾಗಿದ್ದರೆ ಇಷ್ಟೊತ್ತಿಗೆ ಕಂಡಕ್ಟರನ ಕಾಲರಿಗೆ ಕೈ ಹೋಗಿರುತ್ತಿತ್ತು.

ಸಾಮಾನು ಇಳಿಸಿಕೊಳ್ಳುವಾಗ ನೋಡಿದೆ, ಮೇಲಿನ ಹಲಗೆಯ ಮೇಲೆ ಯಾರೋ ಇಟ್ಟ ಎಣ್ಣೆಯ ಡಬ್ಬಿ ಸೋರಿ ನನ್ನ ಚೀಲವೆಲ್ಲ ತೊಯ್ದಿತ್ತು. ಒಳಗೆ ಮಾಮಿಗೆಂದು ತಂದಿದ್ದ ಹೊಸ ಸೀರೆ. ಡಬ್ಬಿಯ ಮುದುಕ ನನ್ನ ಮುಖ ನೋಡಿ, "ಚಿಂತಿ ಮಾಡಬ್ಯಾಡ್ರಿ ಬಾಯಿ, ಗಾಣದ್ದs ಎಣ್ಣಿ, ಚಲೋ ಎಣ್ಣಿ" ಎಂದ. ಸೀರೆಗೆ ಚಲೋ ಎಣ್ಣೆಯಿಂದ ಏನು ಲಾಭ ಎಂದು ಕೇಳಿದೆ. ಆತ ನಿಜವಾಗಿಯೂ ಯೋಚಿಸಿದ. ಆಮೇಲೆ, "ಲಾಭ ಏನೂ ಇಲ್ಲ ಬಿಡ್ರಿ" ಎಂದು ಒಪ್ಪಿಕೊಂಡ.

ಗಡಿಯಾಚೆಯ ಬಸ್ಸು ಸಿಕ್ಕಿತು. ನನ್ನ ಮಾತು ಕೇಳಿದ ಕಂಡಕ್ಟರ್ ಯಾವ ಊರೆಂದು ವಿಚಾರಿಸಿದ. ಸೊಲ್ಲಾಪುರ ಅಂದೆ.

"ಹಂಗಾದ್ರ ನೀವು ಹೊರಗಿನವರು. ಆದ್ರ ಕನ್ನಡ ಚಲೋ ಕಲ್ತೀರಿ."

"ಕಲ್ತಿಲ್ಲರಿ. ಅವ್ವನ ಹೊಟ್ಟ್ಯಾಗಿಂದ ತಂದೀನಿ" ಅಂದೆ. ಆತ ನಕ್ಕ. ನಾನು ನಗಲಿಲ್ಲ. ಮಾಸ್ತರಿಕೆ ಮಾಡುತ್ತ ಮಾಡುತ್ತ ನನಗೆ ಇಂಥ ಮಾತಿಗೆ ನಗುವ ಶಕ್ತಿ ಹೊರಟುಹೋಗಿದೆ.

ಬಸವಕಲ್ಯಾಣ

ಬಸಣ್ಣ ಮಾಮಾ ಬಹಳ ಹಿಂದೆಯೇ ಮೋರಖಂಡಿಯ ಹೊಲವನ್ನು ಪಾಲಿಗೆ ಹಾಕಿ ಬಸವಕಲ್ಯಾಣದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದಾನೆ. ಊರಲ್ಲಿ ಅವನ ಮೇಲೆ ಸಿಟ್ಟಿರುವವರು ಒಬ್ಬರೂ ಇಲ್ಲ. ಅದೇ ಅವನ ಹೆಮ್ಮೆ. ಎಣ್ಣೆ ಕುಡಿದ ಸೀರೆಯನ್ನು ಕೈಯಲ್ಲಿ ಹಿಡಿದು, "ಬಣ್ಣ ಮಸ್ತ್ ಅದ" ಎಂದು ಹೊಗಳಿದವನು ಅವನೊಬ್ಬನೇ.

ಬಂದ ದಿನವೆಲ್ಲ ಮಂದಿ ನೋಡಲು ಬಂದರು. ಒಬ್ಬರು ಎದ್ದರೆ ಇನ್ನೊಬ್ಬರು ಕೂರುವರು. ಚಹಾದ ಮೇಲೆ ಚಹಾ, ಬಸಿಯಲ್ಲಿ ಸುರಿದು ಸೊರ್ ಎಂದು ಕುಡಿಯುವುದು, ಯಾರ ಮನೆಗೆ ಕೊಟ್ಟಾರೆ, ಎಷ್ಟು ಮಕ್ಕಳು, ಒಂದೇ ಹೆಣ್ಣೇ, ಯಾಕ. ಸೊಲ್ಲಾಪುರದ ನಮ್ಮ ಚಾಳಿನಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿದ್ದರೂ ಯಾರೂ ಇಷ್ಟು ಕೇಳುವುದಿಲ್ಲ. ಗೀತಾ ನನ್ನ ಸೆರಗು ಎಳೆಯುತ್ತಲೇ ಇದ್ದಳು. ಕೊನೆಗೆ ನಾನೇ ಕೇಳಿದೆ.

"ಮಾಮಾ, ಕರಡಿ ಹೋಟ್ಲು ಇನ್ನಾ ಅದ ಏನು?"

"ಅದಕ್ಕೇನಾಗ್ಯಾದ! ಗುಂಡಪ್ಪ ಸೇಠ ಹೋದ. ಮಗ ಶಿವರಾಜ ನಡಸಾಕತ್ತಾನ. ನಮ್ಮ ಅಂಗಡಿ ಗಿರಾಕಿ, ಭಾರೀ ಹುಷಾರ್ ಹುಡುಗ."

"ರಾಜಾ?"

"ಅದೂ ಅದ. ಮುದುಕಾಗ್ಯಾದ."

ಗೀತಾ ಜಿಗಿದಳು. ನಿಜ ಹೇಳಬೇಕೆಂದರೆ ನಾನೂ ಜಿಗಿದೆ, ಕೂತಲ್ಲೇ. ಅಪ್ಪ ಅವ್ವ ಹೋದರು, ಅಪ್ಪನ ಗಿರಣಿ ಮುಚ್ಚಿತು, ನಾವು ಆಡಿದ ಓಣಿಯಲ್ಲಿ ಕಟ್ಟಡಗಳು ಎದ್ದವು. ಕರಡಿ ಮಾತ್ರ ಇದೆ! ಮಾಮಾ ಊರಿನ ಕೋಟೆ ತೋರಿಸುತ್ತೇನೆ ಅಂದ, ಬೇಡ ಅಂದೆ. ಬೆಳಗ್ಗೆ ಎದ್ದ ಕೂಡಲೇ ಹೊರಟೆವು.

ಕರಡಿ ಹೋಟ್ಲು

ಮೊದಲು ಕಂಡದ್ದು ಜಿಂಕೆಗಳು. ಕೊಂಬು ಮುರಿದು ಒಳಗಿನ ಕಬ್ಬಿಣದ ಸರಳು ಹೊರಬಂದಿತ್ತು. ಒಂದರ ಕುತ್ತಿಗೆಗೆ ಯಾರೋ ಒದ್ದೆ ಟವೆಲ್ಲು ಹಾಕಿದ್ದರು. ಜೋಕಾಲಿಯ ಹಲಗೆ ಇರಲಿಲ್ಲ, ಸರಪಳಿ ಅಷ್ಟೇ ಇತ್ತು. ತೋಟ ಎಂದು ನಾನು ಮಗಳಿಗೆ ಹೇಳುತ್ತಿದ್ದ ಜಾಗದಲ್ಲಿ ಲಾರಿಗಳು ನಿಂತು ನಿಂತು ನೆಲ ಎಣ್ಣೆಯಿಂದ ಕರ್ರಗಾಗಿತ್ತು. ಇದೆಲ್ಲ ಇರಲಿ. ಹಳೆಯ ಜಾಗಕ್ಕೆ ಹೋದವರಿಗೆ ಇಷ್ಟು ಬೇಜಾರು ಎಲ್ಲ ಕಡೆಗೂ ಆಗುತ್ತದೆ.

ಹುಣಸೆ ಮರದ ಕೆಳಗೆ ಒಂದು ಕಬ್ಬಿಣದ ಪಂಜರ. ಮಲಗುವ ಒಂದು ಹೊರಸು ಹಾಕಿದರೆ ತುಂಬಿಹೋಗುವಷ್ಟು ಜಾಗ. ಅದರೊಳಗೆ ಹಳೆಯ ಕಂಬಳಿ ಮುದ್ದೆ ಮಾಡಿ ಎಸೆದಂತೆ ಏನೋ ಬಿದ್ದಿತ್ತು. ಆ ಮುದ್ದೆ ಉಸಿರಾಡಿತು.

ಹತ್ತಿರ ಹೋದೆ. ಬೆನ್ನ ಮೇಲಿನ ಕೂದಲು ಉದುರಿ ತೊಗಲು ಕಾಣುತ್ತಿತ್ತು. ಎರಡೂ ಕಣ್ಣಿನ ಮೇಲೆ ಬಿಳಿ ಪೊರೆ. ಮೂಗಿನಲ್ಲಿ ಒಂದು ಕಬ್ಬಿಣದ ಬಳೆ. ಬಳೆ ಮೂಗಿನಲ್ಲಿತ್ತು ಅನ್ನುವುದಕ್ಕಿಂತ ಮೂಗು ಬಳೆಯ ಸುತ್ತ ಬೆಳೆದಿತ್ತು ಅನ್ನಬೇಕು. ಮಾಂಸ ಅದನ್ನು ನುಂಗಿತ್ತು, ಕೀವು ಸೋರುತ್ತಿತ್ತು, ನೊಣಗಳು ಮುತ್ತಿದ್ದವು. ಬಳೆಗೆ ಸರಪಳಿ, ಸರಪಳಿ ಪಂಜರದ ಸರಳಿಗೆ. ಪಂಜರದ ಒಳಗಿದ್ದ ಕಣ್ಣಿಲ್ಲದ ಮುದಿ ಪ್ರಾಣಿಗೆ ಸರಪಳಿ ಬೇರೆ!

ಆ ಹೊತ್ತಿಗೆ ಒಂದು ಪ್ರವಾಸದ ಬಸ್ಸು ಬಂದು ನಿಂತಿತು. ಮಂದಿ ಇಳಿದು ಪಂಜರದ ಸುತ್ತ ನೆರೆದರು. ಗುಂಡಪ್ಪ ಸೇಠನ ಮಗ ಶಿವರಾಜ, ಇಸ್ತ್ರಿ ಅಂಗಿಯ, ಎಣ್ಣೆ ಹಚ್ಚಿ ತಲೆ ಬಾಚಿದ ತರುಣ, ಒಳಗಿಂದ ಬಂದು ಕಬ್ಬಿಣದ ಸೌಟಿನಿಂದ ಸರಳಿಗೆ ಟಣ್ ಟಣ್ ಎಂದು ಬಾರಿಸಿದ.

"ಏಳು ರಾಜಾ! ಸಲಾಂ!"

ಕರಡಿ ಎದ್ದಿತು. ಹಿಂಗಾಲು ಗಡಗಡ ನಡುಗುತ್ತಿದ್ದವು. ಸರಳು ಹಿಡಿದು ಮೇಲಕ್ಕೆ ಬಂದು, ಒಂದು ಕೈ ಎತ್ತಿ ಹಣೆಗೆ ಮುಟ್ಟಿಸಿತು. ಮಂದಿ ಇದ್ದದ್ದು ಈ ಕಡೆ. ಅದು ಸಲಾಮು ಹೊಡೆದದ್ದು ಆ ಕಡೆ, ಹೋಟೆಲಿನ ಹಿಂದಿನ ಗೋಡೆಗೆ.

ಮಂದಿ ಹೊಟ್ಟೆ ಹಿಡಿದು ನಕ್ಕರು. ಗೀತಾ ಚಪ್ಪಾಳೆ ತಟ್ಟಿದಳು. ಬಸಣ್ಣ ಮಾಮಾ ಹಲ್ಲು ಬಿಟ್ಟು, "ನೋಡಿದಿಯೇನು, ಇನ್ನಾ ಮರ್ತಿಲ್ಲ!" ಎಂದ.

ಶಿವರಾಜ ಸೋಡಾ ಬಾಟಲಿ ತೆರೆದು ಸರಳಿನ ನಡುವೆ ತೂರಿಸಿದ. ಕರಡಿ ಗಾಳಿಯಲ್ಲಿ ಕೈ ಆಡಿಸಿ ಹುಡುಕಿತು. ಬಾಟಲಿಯ ಬಾಯಿ ಮೂಗಿಗೆ ಬಡಿಯಿತು. ಸೋಡಾ ನೊರೆಯೊಂದಿಗೆ ರಕ್ತ ಇಳಿಯಿತು. ಆಗ ನನ್ನ ಮಗಳು ಮುಂದೆ ಓಡಿ, "ಕಾಕಾ, ನಾ ಕುಡಸ್ತೀನಿ, ನನ್ನ ಕೈಯಾಗ ಕೊಡ್ರಿ" ಎಂದಳು. ಶಿವರಾಜ ಪ್ರೀತಿಯಿಂದಲೇ ಕೊಟ್ಟ.

ನಾನು ಆಕೆಯ ರೆಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಜೋರಾಗಿಯೇ ಎಳೆದೆ, ಆಕೆ ಬಿದ್ದಳು. ಬಾಟಲಿ ಕಸಿದುಕೊಂಡು ಜಿಂಕೆಯ ಮೇಲೆ ಎಸೆದೆ. ಗಾಜು ಸಿಡಿಯಿತು. ನಗು ನಿಂತಿತು.

"ಏನ್ರಿ ಇದು?" ಅಂದ ಶಿವರಾಜ.

"ನಾ ಕೇಳಬೇಕಾದ್ದು ಅದು. ಏನಿದು? ಮನುಷ್ಯಾರು ಮಾಡೋ ಕೆಲಸ ಏನು?"

"ಅಪ್ಪನ ಕಾಲದಿಂದ ನಡದದ. ಮಂದಿ ನೋಡಾಕ ಬರ್ತಾರ."

"ಅದರ ಮೂಗು ಕೊಳತದ. ಕಾಣ್ಸೂದಿಲ್ಲ ನಿನಗ?"

"ಮುದಿ ಜೀವ ಅದ. ಮುದಿತನಕ್ಕ ದವಾ ಎಲ್ಲಿ ಅದ ಹೇಳ್ರಿ? ಬಿಟ್ರ ಎಲ್ಲಿ ಹೋಗ್ತದ? ಹೊಟ್ಟಿಗೆ ಹಾಕಾಕತ್ತೀವಿ, ಅದು ಕಡಿಮಿ ಏನು?"

ಮಾಮಾ ನಡುವೆ ಬಂದ. ಅವನ ಮುಖ ಕೆಂಪಾಗಿತ್ತು. ನಾಚಿಕೆ ಅವನಿಗೆ ನನ್ನಿಂದ ಆಗಿತ್ತು, ಕರಡಿಯಿಂದ ಅಲ್ಲ.

"ಸುಲೋಚನಾ, ಸಾಕು. ಪರ ಊರಿಗೆ ಬಂದು ಹಿಂಗ ತಮಾಷಾ ಮಾಡಬ್ಯಾಡ. ನಾವು ಇಲ್ಲಿ ಬಾಳ್ವೆ ಮಾಡೋರು, ಇಜ್ಜತ್ ಅದ ನಮಗ."

"ಪರ ಊರಾ? ಮಾಮಾ, ನನ್ನ ಅವ್ವನ ಊರು ನನಗ ಯಾವಾಗ ಪರ ಊರಾತು? ಆವಾಗೂ ಹಿಂಗs ಇತ್ತು, ಅಲ್ಲಾ? ಬಳಿ ಆವಾಗೂ ಇತ್ತು. ನೀ ನೋಡಿದ್ದಿ, ನಮಗ ನಗ್ರಿ ಅಂತ ಹೇಳಿದಿ."

ಮಾಮಾ ಮುಖ ತಿರುಗಿಸಿ, "ಎಲ್ಲಾರೂ ನಗತಿದ್ರವ್ವಾ" ಎಂದ. ಆ ಮಾತಿಗೆ ನನಗೆ ಬಂದ ಸಿಟ್ಟು ಶಿವರಾಜನ ಮೇಲೂ ಬಂದಿರಲಿಲ್ಲ. ನಾನು ಇಷ್ಟು ವರ್ಷ ಬೆಲ್ಲದ ತುಂಡಿನಂತೆ ಮಡಿಲಲ್ಲಿ ಕಟ್ಟಿಕೊಂಡು ತಿರುಗಿದ ಬಾಲ್ಯ, ಮಗಳಿಗೆ ತುತ್ತಿನ ಜೊತೆ ಉಣಿಸಿದ ಬಾಲ್ಯ, ಇದು. ಇದನ್ನು ನನಗೆ ಖುಷಿ ಎಂದು ಕೊಟ್ಟವರು ನನಗೆ ಬೇಕಾದವರೇ.

ಬಸ್ಸಿನವರು ಸರಿದರು. ಒಬ್ಬ, "ಹೆಂಗಸಿಗೆ ತಲಿ ಕೆಟ್ಟದ" ಎನ್ನುತ್ತ ಚಹಾ ಹೇಳಿದ.

ಆಗ ಅಡುಗೆಮನೆಯ ಬಾಗಿಲಿನಿಂದ ಒಬ್ಬ ಮುದುಕಿ ಬಂದಳು. ಎತ್ತರದ ಹೆಂಗಸು, ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಗುಂಡಪ್ಪ ಸೇಠನ ಹೆಂಡತಿ ಗುರಮ್ಮ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಸಿಟ್ಟು ಬಂತೇನವ್ವಾ?"

"ಬಂತ್ರಿ."

"ನಿನಗ ಇವತ್ತೊಂದಿನ ಬಂತು. ನನಗ ದಿನಾ ಬರ್ತದ."

ಆಕೆ ಪಂಜರದ ಹತ್ತಿರ ಹೋದಳು. ಕರಡಿ ಗಾಳಿ ಮೂಸಿ, ತೆವಳಿಕೊಂಡು ಬಂದು, ಆಕೆಯ ಹಿಟ್ಟಿನ ಕೈ ನೆಕ್ಕತೊಡಗಿತು.

"ನನ್ನ ಗಂಡ ಇದನ್ನ ಮರಿ ಇದ್ದಾಗ ತಂದ. ಇವ ಶಿವರಾಜ ಆವಾಗ ತೊಟ್ಟಿಲದಾಗ. ಇಬ್ಬರಿಗೂ ನನ್ನ ತೊಡಿ ಮ್ಯಾಲೆ ಹಾಲು ಹಾಕೀನಿ. ಬಳಿ ಹಾಕೂಮುಂದ ತಲಿ ಹಿಡಿ ಅಂದ, ಹಿಡದೆ. ತಗೀರಿ ಅಂತ ಅವಗ ಎಷ್ಟು ಸಲ ಹೇಳೀನಿ. ಈಗ ಇವಗ ಹೇಳಾಕತ್ತೀನಿ. ನಿನ್ನಂಗ ಸಿಟ್ಟಿಗೆದ್ದವರು ಬಾಳ ಮಂದಿ ಬಂದ್ರು. ಪೇಪರದಾಗ ಹಾಕ್ತೀನಿ ಅಂದ್ರು, ಫೋಟೋ ಹೊಡಕೊಂಡ್ರು. ಹೋದ್ರು. ನೀ ಏನು ಮಾಡ್ತಿ? ನಿಮ್ಮ ಊರಿಗೆ ಒಯ್ತಿ ಏನು ಇದನ್ನ?"

ನಾನು ಎಲ್ಲಿಗೆ ಒಯ್ಯಲಿ? ಚಾಳಿನ ಎರಡು ಖೋಲಿಗೆ?

"ಒಯ್ಯಾಕ ಆಗೂದಿಲ್ಲ" ಅಂದಳು ಗುರಮ್ಮ, ನನ್ನ ಪರವಾಗಿ. "ಹಂಗಾದ್ರ ಹುಮನಾಬಾದಿಗೆ ಹೋಗು. ದನದ ಡಾಕ್ಟರನ ಕರಕೊಂಡು ಬಾ. ಆ ಬಳಿ ತಗಸು. ನಾ ಹಳ್ಳಿ ಹೆಂಗಸು ಕರದ್ರ ಅವ ಬರವಲ್ಲ. ನೀ ಸಾಲಿ ಕಲ್ತಾಕಿ ಅದೀ, ಜಗಳಾಡಾಕೂ ಬರ್ತದ."

"ಅವ್ವಾ!" ಎಂದು ಶಿವರಾಜ ಕೂಗಿದ. "ಬಳಿ ತಗದ್ರ ಅದನ್ನ ಹಿಡಿಯೋರು ಯಾರು?"

"ಪಂಜರ ಇಲ್ಲೇನು? ಹಲ್ಲು ಉಳದಾವೇನು ಅದಕ್ಕ? ಸುಮ್ಮ ನಿಂದ್ರು. ಈ ಜಾಗಾ ನನ್ನ ಹೆಸರಿಲೆ ಅದ."

ಮಾಮಾ ನನ್ನ ಜೊತೆ ಬರಲಿಲ್ಲ. ಬಸವಕಲ್ಯಾಣದ ಕಡೆಗೆ ಹೊರಟಿದ್ದ ಒಂದು ಟೆಂಪೋ ನಿಲ್ಲಿಸಿ, ಹಿಂದೆ ನೋಡದೆ ಹತ್ತಿದ. ಊರಲ್ಲಿ ಯಾರಿಗೂ ಅವನ ಮೇಲೆ ಸಿಟ್ಟಿಲ್ಲ ಅಂದೆನಲ್ಲ, ಅದು ಹೇಗೆ ಸಾಧ್ಯವಾಯಿತೆಂದು ಆವತ್ತು ತಿಳಿಯಿತು.

ಹುಮನಾಬಾದ್

ದನದ ದವಾಖಾನೆಯ ಮುಂದೆ ಬೇವಿನ ನೆರಳಲ್ಲಿ ಎಮ್ಮೆಗಳು, ಎತ್ತುಗಳು ತಮ್ಮ ಪಾಳಿಗೆ ಕಾಯುತ್ತಿದ್ದವು. ನಮ್ಮ ಮುಂದೆ ಘಾಟಬೋರಾಳದ ಒಬ್ಬ ರೈತ ಬಾವು ಬಂದ ಕೆಚ್ಚಲಿನ ಎಮ್ಮೆ ಹಿಡಿದು ನಿಂತಿದ್ದ. ಬಿದ್ದ ಗೀತಾಳ ಮೊಣಕೈ ತರಚಿತ್ತು. ನಾನು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. ಎಮ್ಮೆಯ ಹಣೆ ಸವರುತ್ತ ನಿಂತವಳು ಒಮ್ಮೆಲೇ ಕೇಳಿದಳು:

"ಅವ್ವಾ, ರಾಜಾಗ ನೋವಾಗಾಕತ್ತಿತ್ತೇನು?"

"ಹೌದು."

"ಮತ್ತ ಯಾಕ ಸಲಾಂ ಹೊಡೀತು?"

"ಹೊಡೀಲಿಲ್ಲಂದ್ರ ಇನ್ನಾ ನೋವು ಮಾಡತಿದ್ರು."

ಆಕೆ ಅದನ್ನು ತನ್ನಷ್ಟಕ್ಕೆ ಲೆಕ್ಕ ಹಾಕಿದಳು. "ನೀ ಕಥಿಯೊಳಗ ಇದು ಹೇಳಿರಲಿಲ್ಲ" ಎಂದಳು.

ಡಾಕ್ಟರ್ ಮಂಡ್ಯದ ಕಡೆಯ ಹುಡುಗ. ಈ ಕಡೆಗೆ ಬಂದು ವರ್ಷವಾಗಿರಲಿಲ್ಲ. ಅವನ ಕನ್ನಡ ನನಗೆ ಪಠ್ಯಪುಸ್ತಕದ ಹಾಗೆ ಕೇಳಿಸಿತು, ನನ್ನದು ಅವನಿಗೆ ಅರ್ಧ ತಿಳಿಯಿತು.

"ನೋಡಿ ಮೇಡಂ, ಕರಡಿ ನನ್ನ ಕೆಲಸಕ್ಕೆ ಬರೋದಿಲ್ಲ. ಅದು ಕಾಡುಪ್ರಾಣಿ. ಮುಟ್ಟಬೇಕಾದರೆ ಮೇಲಿನವರ ಒಪ್ಪಿಗೆ ಬೇಕು."

"ಅದರ ಮೂಗಿಗೆ ಬಳಿ ಹಾಕೂಮುಂದ ಯಾರ ಒಪ್ಪಿಗಿ ಕೇಳಿದ್ರು?"

"ನನ್ನನ್ನ ಕೇಳಿದರೆ?"

"ಮತ್ತ್ಯಾರನ್ನ ಕೇಳಲಿ? ರಸ್ತಾದ ಮ್ಯಾಲೆ ಎಲ್ಲಾರ ಕಣ್ಣ ಮುಂದ ಅದ. ನೀವೂ ನೋಡೀರಿ, ಹೌದಲ್ಲೋ?"

ಅವನು ತಲೆ ತಗ್ಗಿಸಿದ. ನೋಡಿದ್ದ. ಬಂದ ಹೊಸದರಲ್ಲಿ ಗೆಳೆಯರ ಜೊತೆ ಅಲ್ಲಿ ಚಹಾ ಕುಡಿದಿದ್ದ.

"ಮತ್ತಿನ ಇಂಜೆಕ್ಷನ್ ಕೊಡಬೇಕಾಗುತ್ತೆ," ಎಂದ ಮೆಲ್ಲಗೆ. "ಎಮ್ಮೆಗೆ ಎಷ್ಟು ಅಂತ ಗೊತ್ತು. ಕರಡಿಗೆ ಗೊತ್ತಿಲ್ಲ. ಅದೂ ಇಷ್ಟು ಮುದಿ. ಸತ್ತುಹೋದರೆ ನನ್ನ ನೌಕರಿ ಏನಾಗುತ್ತೆ?"

ನಾನು ಅವನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ನೀವು ಬರುವವರೆಗೂ ಏಳುವುದಿಲ್ಲ ಅಂದೆ. ಕೂಗಾಡಿದೆನೇ ಹೊರತು ಬೇಡಿಕೊಳ್ಳಲಿಲ್ಲ. ಬೇಡುವಷ್ಟು ಮೆತ್ತಗಿನ ಜಾಗ ಆವತ್ತು ನನ್ನಲ್ಲಿ ಉಳಿದಿರಲಿಲ್ಲ. ಘಾಟಬೋರಾಳದ ರೈತ ಇಷ್ಟೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ತನ್ನ ಎಮ್ಮೆಯ ಕೆಲಸ ಮುಗಿಸಿಕೊಂಡವನು ಹಗ್ಗ ಬಿಚ್ಚುತ್ತ ಹೇಳಿದ:

"ಹೋಗಿ ಬರ್ರಿ ಡಾಕ್ಟರ್ ಸಾಹೇಬ್ರ. ಈ ಬಾಯಿ ನಿಮ್ಮನ್ನ ಬಿಡಂಗ ಕಾಣೂದಿಲ್ಲ. ನಮ್ಮ ದನಾ ಸಂಜಿತನಾ ನಿಂದ್ರತಾವ."

ಸರತಿಯಲ್ಲಿದ್ದವರು ನಕ್ಕರು. ಆ ನಗೆಗೆ ಮಾತ್ರ ನನಗೆ ಸಿಟ್ಟು ಬರಲಿಲ್ಲ.

ದವಾಖಾನೆಯ ಜೀಪು ಕೆಟ್ಟಿತ್ತು. ಡಾಕ್ಟರನ ಸ್ಕೂಟರಿನ ಮುಂದೆ ಗೀತಾ ನಿಂತಳು, ಹಿಂದೆ ಔಷಧದ ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ನಾನು. ಲಾರಿಗಳು ಪಕ್ಕದಲ್ಲಿ ಹಾದಾಗಲೆಲ್ಲ ಸ್ಕೂಟರ್ ತೂಗಾಡುತ್ತಿತ್ತು. ಅವನು ಹೆದರಿ "ಅಯ್ಯಯ್ಯೋ" ಅನ್ನುತ್ತಿದ್ದ. ಆದರೂ ನಿಲ್ಲಿಸಲಿಲ್ಲ.

ಮತ್ತೆ ಕರಡಿ ಹೋಟ್ಲು

ಇಂಜೆಕ್ಷನ್ ಚುಚ್ಚಿದ್ದು ಗುರಮ್ಮನ ಸಹಾಯದಿಂದ. ಆಕೆ ಮುಂದೆ ನಿಂತು ಬೆಲ್ಲ ನೆಕ್ಕಿಸುತ್ತಿದ್ದಾಗ ಡಾಕ್ಟರ್ ಹಿಂದಿನಿಂದ ಸರಳಿನೊಳಗೆ ಕೈ ಹಾಕಿದ. ಕರಡಿ ಒಮ್ಮೆ ಕೂಗಿತು. ಇಷ್ಟು ದೊಡ್ಡ ಪ್ರಾಣಿಯಿಂದ ಅಷ್ಟು ಸಣ್ಣ ದನಿ. ಆಮೇಲೆ ತಲೆ ತೂಗಿ, ಮೆಲ್ಲಗೆ ಕುಸಿಯಿತು.

ಗುರಮ್ಮ ಚಿಲಕ ತೆಗೆದು ಒಳಗೆ ಹೋಗಿ, ನೆಲದ ಮೇಲೆ ಕೂತು, ಅದರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. "ನಡೀರಿ ಡಾಕ್ಟ್ರ" ಎಂದಳು. ಅವನು ಅದರ ಉಸಿರು ನೋಡಿದ. "ತುಂಬಾ ನಿಧಾನ ಇದೆ. ಈಗಲೂ ಬಿಡೋಣ ಅಂದರೆ ಬಿಡೋಣ."

"ಸತ್ರ ಸಾಯ್ಲಿ. ಬಳಿ ಇಲ್ದ ಸಾಯ್ಲಿ" ಎಂದಳು ಗುರಮ್ಮ.

ಎದುರಿನ ಪಂಕ್ಚರ್ ಅಂಗಡಿಯಿಂದ ಕಬ್ಬಿಣ ಕೊಯ್ಯುವ ಗರಗಸ ತಂದೆ. ಶಿವರಾಜ ಹೋಟೆಲಿನೊಳಗೆ ಕೂತು ರೇಡಿಯೋ ದನಿಯನ್ನು ಪೂರ್ತಿ ಏರಿಸಿದ್ದ. ಹಾಡು, ಜಾಹೀರಾತು, ಮತ್ತೆ ಹಾಡು. ಡಾಕ್ಟರನ ಕೈ ಬೆವರಿ ಜಾರುತ್ತಿತ್ತು. ಆದರೂ ಗರಗಸ ಎಳೆಯುತ್ತಲೇ ಇದ್ದ. ಕೊನೆಗೆ ಬಳೆ ತುಂಡಾಯಿತು. ಎಳೆದಾಗ ಮಾಂಸವೂ ಬಂತು, ಹುಳುಗಳೂ ಬಂದವು. ಅವನು ತೊಳೆದು, ಪುಡಿ ಹಾಕಿ, ಹೊರಗೆ ಬಂದು ಹುಣಸೆ ಮರದ ಹಿಂದೆ ವಾಂತಿ ಮಾಡಿಕೊಂಡ. ಗೀತಾ ಅವನಿಗೆ ತಂಬಿಗೆಯಲ್ಲಿ ನೀರು ಕೊಟ್ಟಳು. ಗುರಮ್ಮ ಬಳೆಯ ತುಂಡುಗಳನ್ನು ಸೆರಗಲ್ಲಿ ಒರೆಸದೆಯೇ ಎತ್ತಿಕೊಂಡು ಹೋಗಿ ಚಹಾದ ಒಲೆಯ ಕೆಂಡದಲ್ಲಿ ಹಾಕಿದಳು. ಮಗ ನೋಡುತ್ತ ಕೂತಿದ್ದ.

ಡಾಕ್ಟರ್ ಹುಮನಾಬಾದಿಗೆ ಹಿಂತಿರುಗಿದ, ಆವತ್ತು ನಾವು ಅಲ್ಲೇ ಉಳಿದೆವು. ಗುರಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಗೀತಾ ಉಣ್ಣಲು ಕಥೆ ಕೇಳಲಿಲ್ಲ.

ಬೆಳಗ್ಗೆ ನೋಡಿದರೆ ಕರಡಿ ಬದುಕಿತ್ತು. ಬಕೆಟ್ಟಿನಲ್ಲಿ ಮೂತಿ ಇಟ್ಟು ನೀರು ಕುಡಿಯುತ್ತಿತ್ತು. ಸರಪಳಿ ಇಲ್ಲದ್ದು ಅದಕ್ಕೆ ಇನ್ನೂ ತಿಳಿದಿರಲಿಲ್ಲ. ಸರಪಳಿ ಎಷ್ಟು ದೂರ ಬಿಡುತ್ತಿತ್ತೋ ಅಷ್ಟರಲ್ಲೇ ಓಡಾಡುತ್ತಿತ್ತು. ಗೀತಾ ದೂರ ಕೂತು ನೋಡುತ್ತಿದ್ದಳು. ನನಗೂ ಎದೆ ಸ್ವಲ್ಪ ಹಗುರಾಯಿತು. ಏನೋ ಒಂದು ಮಾಡಿದೆ ಅಂದುಕೊಂಡೆ.

ಅಷ್ಟರಲ್ಲಿ ರಸ್ತೆಯಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಒಳಗೆ ತಿರುಗಿತು.

ಯಾರೂ ಸೌಟು ಬಾರಿಸಲಿಲ್ಲ. ಶಿವರಾಜ ರೊಕ್ಕ ಎಣಿಸುವ ಗಲ್ಲೆಯ ಮೇಲೆ ಕೂತಲ್ಲೇ ಕೂತಿದ್ದ. ಹಾರ್ನ್ ಕೇಳಿದ ಕರಡಿ ನೀರು ಬಿಟ್ಟಿತು. ಸರಳು ಹಿಡಿದು, ನಡುಗುತ್ತ, ಎದ್ದು ನಿಂತಿತು. ಮೂಗಿನಿಂದ ಔಷಧ ಮತ್ತು ರಕ್ತ ಎದೆಯ ಮೇಲೆ ಇಳಿಯುತ್ತಿತ್ತು. ಕೈ ಎತ್ತಿ ಹಣೆಗೆ ಮುಟ್ಟಿಸಿತು.

ಇಳಿದವರು ಚಪ್ಪಾಳೆ ಹೊಡೆದರು.

"ನೋಡ್ರಿ ಬಾಯಿ," ಎಂದ ಶಿವರಾಜ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ನನ್ನನ್ನು ಸುಟ್ಟಿತು. "ನಾ ಏನೂ ಮಾಡಿಲ್ಲ. ನೀವು ಇವತ್ತ ಹೋಗ್ತೀರಿ. ಬಸ್ಸು ನಾಳಿಗೂ ಬರ್ತಾವ."

ನಾನು ಬಾಯಿಗೆ ಬಂದದ್ದು ಅಂದೆ. ಅವನಿಗೆ ಅಂದೆ, ಬಸ್ಸಿನವರಿಗೆ ಅಂದೆ, ಸತ್ತ ಗುಂಡಪ್ಪ ಸೇಠನಿಗೂ ಅಂದೆ. ಸಾಲೆಯ ಮಕ್ಕಳು ಕೇಳಬಾರದ ಮಾತುಗಳೂ ಬಂದವು. ಮಂದಿ ಕರಡಿಯನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಗುರಮ್ಮ ಮಾತ್ರ ಪಂಜರದ ಕಡೆ ಮುಖ ಮಾಡಿ ಮಿಸುಕದೆ ನಿಂತಿದ್ದಳು. ಬೈದು ಬೈದು ದನಿ ಸೋತ ಮೇಲೆ ನಾನು ಆಕೆಗೆ, "ಅವ್ವಾರ, ಹೋಗಿ ಬರ್ತೀನ್ರಿ" ಅಂದೆ. ಆಕೆ ತಿರುಗಲಿಲ್ಲ. "ಹೂಂ" ಎಂದಳು.

ವಾಪಸ್

ಸೊಲ್ಲಾಪುರದ ನೇರ ಬಸ್ಸು ಕರಡಿ ಹೋಟ್ಲಿನಲ್ಲಿ ಹತ್ತಿಸಿಕೊಳ್ಳುವುದಿಲ್ಲ. ಹುಮನಾಬಾದಿಗೆ ಹೋಗಿ ಹಿಡಿಯಬೇಕು. ಹಾಗಾಗಿ ಹಿಂದಕ್ಕೆ ಹೋಗಿ, ಬಸ್ಸು ಸಿಗಲು ಮಧ್ಯಾಹ್ನವಾಗಿ, ಮತ್ತೆ ಅದೇ ರಸ್ತೆಯಲ್ಲಿ ಬಂದೆವು. ಬಸವಕಲ್ಯಾಣದಲ್ಲಿ ಇಳಿದು ಮಾಮಾನನ್ನು ಮಾತಾಡಿಸುವ ಮನಸ್ಸು ನನಗೆ ಇರಲಿಲ್ಲ. ನನ್ನ ಚೀಲ ಅವನ ಮನೆಯಲ್ಲೇ ಇತ್ತು. ಇರಲಿ ಅಂದುಕೊಂಡೆ.

ಬಸ್ಸಿನ ತುಂಬ ಮಂದಿ. ಗೀತಾ ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಮುಂಜಾನೆಯಿಂದ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಸ್ವಲ್ಪ ದೂರ ಬಂದಿದ್ದೆವು, ಕಂಡಕ್ಟರ್ ಎದ್ದು ನಿಂತು ಕೂಗಿದ:

"ಕರಡಿ ನೋಡೋರು ಈ ಮಗ್ಗಲಿಗೆ ನೋಡ್ರಿ! ಕರಡಿ ಬಂತು!"

ಬಸ್ಸಿನ ಮಂದಿಯೆಲ್ಲ ನಮ್ಮ ಕಿಟಕಿಯ ಕಡೆ ವಾಲಿದರು. ಮಕ್ಕಳನ್ನು ಎತ್ತಿ ಹಿಡಿದರು. ಒಬ್ಬನ ಮೊಣಕೈ ನನ್ನ ತಲೆಗೆ ತಾಗಿತು. ಡ್ರೈವರ್ ವೇಗ ತಗ್ಗಿಸಿ, ಹಾರ್ನ್ ಒತ್ತಿ ಹಿಡಿದ. ಆ ಹಾರ್ನಿಗೆ ಅಲ್ಲಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ. ಗೀತಾ ನನ್ನ ಕೈ ಅಲುಗಾಡಿಸಿದಳು.

ಹುಣಸೆ ಮರದ ಕೆಳಗೆ ಪಂಜರವೇ ಕಾಣುತ್ತಿರಲಿಲ್ಲ. ಸರಳುಗಳ ಮೇಲೆ, ಮೇಲಿನಿಂದ ನೆಲದ ತನಕ, ಕೌದಿಗಳು. ಕೆಂಪು, ಹಸಿರು, ಹಳೆ ಇಳಕಲ್ ಸೀರೆಯ ತುಂಡುಗಳು, ಮಕ್ಕಳ ಅಂಗಿಯ ತುಂಡುಗಳು, ಒಂದರ ಪಕ್ಕ ಒಂದು, ಗಾಳಿಗೆ ಹಾರದಂತೆ ಕೆಳಗೆ ಕಲ್ಲು ಹೇರಿದ್ದು. ಮನೆಯಲ್ಲಿದ್ದ ಹಾಸಿಗೆಯೆಲ್ಲ ತಂದು ಹಾಕಿದಂತಿತ್ತು. ಇನ್ನೂ ಒಂದು ಮೂಲೆ ಉಳಿದಿತ್ತು. ಗುರಮ್ಮ ಆ ಮೂಲೆಗೆ ತನ್ನ ಬೆನ್ನು ಕೊಟ್ಟು, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಒಳಗೆ ಅದು ಎದ್ದು ನಿಂತಿತ್ತೋ ಇಲ್ಲವೋ, ಯಾರಿಗೂ ತಿಳಿಯುವಂತಿರಲಿಲ್ಲ.

"ಯಾವಾಕಿನೋ ಕೌದಿ ಒಣಗಾಕ್ಯಾಳ ನೋಡ್ರಿ, ಕರಡಿನs ಕಾಣವಲ್ದು!" ಎಂದ ಹಿಂದಿನ ಸೀಟಿನವ. ಇನ್ನೊಬ್ಬ ಸರಕಾರಕ್ಕೆ ಬೈದ. ಒಂದು ಕೂಸು ಅಳತೊಡಗಿತು.

"ನಾಳಿಗಿ ತಗೀತಾರ್ರಿ, ನಾಳಿಗಿ ಕಾಣ್ತದ" ಎಂದು ಕಂಡಕ್ಟರ್ ಸಮಾಧಾನ ಹೇಳಿದ. ಅವನು ಹೇಳಿದ್ದು ನಿಜವಾದರೂ ಆದೀತು. ಆ ಮುದುಕಿ ಎಷ್ಟು ದಿನ ಅಂತ ಕೂತಾಳು? ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಪಕ್ಕದಲ್ಲಿ ನಿಂತಿದ್ದ ಗೃಹಸ್ಥ ಕುತ್ತಿಗೆ ಉದ್ದ ಮಾಡಿ ಮಾಡಿ ಸೋತು, ನನ್ನನ್ನು ಕೇಳಿದ.

"ಕಿಟಕಿ ಕಡೆ ನೀವೇ ಕೂತೀರಿ. ನಿಮಗೇನರ ಕಾಣಸ್ತೇನ್ರಿ ಬಾಯಿ?"

"ಇಲ್ಲರಿ," ಅಂದೆ. "ಏನೂ ಕಾಣ್ಸಲಿಲ್ಲ."

ಆ ಎರಡು ದಿನಗಳಲ್ಲಿ ಸಿಟ್ಟಿಲ್ಲದೆ ಆಡಿದ ಮಾತು ನನಗೆ ಅದೊಂದೇ ಸಿಕ್ಕಿತು.